ಮುರಕಲ್ಲಿನ ನಾಡಿನಿಂದ ಉಲುರುವಿಗೆ

ಕಾಸರಗೋಡಿನಲ್ಲಿ ಆಟಿಯ ಮಳೆ ಹಿಡಿದು ಹೊಡೆಯುವ ಹೊತ್ತಿಗೆ ಆಸ್ಟ್ರೇಲಿಯಾದ ನಟ್ಟನಡುವಿನಲ್ಲಿ ಚಳಿಗಾಲ. ಸೂರ್ಯ ಮುಳುಗುವಾಗ ಕೆಂಪಾಗಿ ಉರಿಯುವಂತೆ ಕಾಣುವ ಅಲ್ಲಿನ ಉಲುರು ಬಂಡೆಯನ್ನು ನೋಡುವುದಿದ್ದರೆ ಅದೇ ಸರಿಯಾದ ಕಾಲ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು, ನೊಣದ ಕಾಟವೂ ಆ ತಿಂಗಳುಗಳಲ್ಲೇ ಜಾಸ್ತಿ. ಮುಖಕ್ಕೆ ಬಲೆ ಕಟ್ಟಿಕೊಳ್ಳದೆ ನಡೆಯುವ ಹಾಗಿಲ್ಲ. ಜೂನ್, ಜುಲೈಯಲ್ಲಿ ಹಗಲು 20 ಡಿಗ್ರಿ ಆಸುಪಾಸು, ನಡೆಯಲು ಹಿತ. ರಾತ್ರಿ ಮಾತ್ರ ಕೆಲವೊಮ್ಮೆ ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ನಮ್ಮ ಊರಿನ ಮಳೆಗಾಲಕ್ಕೆ ಸಾಕಾಗುವ ಸ್ವೆಟರ್ ಅಲ್ಲಿ ಏನೇನೂ ಸಾಲದು. ಕಿವಿ ಮುಚ್ಚುವ ಟೊಪ್ಪಿ, ಕೈಗವಸು, ದಪ್ಪ ಜಾಕೆಟ್ ಬೇಕೇ ಬೇಕು.

ಟಿಕೇಟಿನ ವಿಚಾರ ಎರಡೇ ಮಾತು. ಬೆಂಗಳೂರಿನಿಂದ ಸಿಡ್ನಿ, ಅಲ್ಲಿಂದ ಒಳನಾಡಿನ ವಿಮಾನ. ಬಂಡೆಯ ಹತ್ತಿರಕ್ಕೇ ಇಳಿಯಬೇಕಿದ್ದರೆ ‘ಏಯರ್ಸ್ ರಾಕ್’ ನಿಲ್ದಾಣ ಎಂದು ಹುಡುಕಬೇಕು, ಹಳೆಯ ಹೆಸರು ಅಲ್ಲಿ ಇನ್ನೂ ಉಳಿದಿದೆ. ಬದಿಯಡ್ಕ, ಪೆರ್ಲ ಕಡೆಯ ನಮ್ಮ ತಂಡ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇಳಿದು ಬಾಡಿಗೆ ಕಾರು ಹಿಡಿಯಿತು. ಆ ಬಯಲನ್ನು ಗಂಟೆಗಟ್ಟಲೆ ದಾಟದೆ ಬಂಡೆಯ ಎದುರು ಹೋಗಿ ನಿಂತರೆ ಅದರ ದೊಡ್ಡತನ ತಲೆಗೆ ಹೋಗುವುದಿಲ್ಲ.

ಕಟ್ಟಿಕೊಂಡು ಹೋಗುವ ತಿಂಡಿಯ ಬಗ್ಗೆ ಒಂದು ಎಚ್ಚರಿಕೆ. ಹಸಿ ವೀಳ್ಯದೆಲೆ, ಕರಿಬೇವಿನ ಸೊಪ್ಪು, ತೆಂಗಿನಕಾಯಿ, ಹಣ್ಣು ಮನೆಯಲ್ಲೇ ಇರಲಿ. ಹಪ್ಪಳ, ಚಟ್ನಿಪುಡಿ, ಉಪ್ಪಿನಕಾಯಿ ಏನೇ ಇದ್ದರೂ ಇಳಿಯುವಾಗ ತುಂಬುವ ಕಾರ್ಡಿನಲ್ಲಿ ‘ಆಹಾರ ಇದೆ’ ಎಂದು ಗುರುತು ಹಾಕಿ ಡಬ್ಬ ಬಿಚ್ಚಿ ತೋರಿಸಬೇಕು. ಬೇಡದ್ದಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಹೇಳದೆ ಒಯ್ದು ಸಿಕ್ಕಿಬಿದ್ದರೆ ದಂಡ ದೊಡ್ಡದು.

ಮೊದಲ ದಿನ: ಆಲಿಸ್ ಸ್ಪ್ರಿಂಗ್ಸ್‌ನಿಂದ ಯೂಲಾರಾ

ಹತ್ತಿರ ಹತ್ತಿರ 450 ಕಿ.ಮೀ. ದಾರಿ. ಸ್ಟುವರ್ಟ್ ಹೆದ್ದಾರಿಯಲ್ಲಿ ತೆಂಕಣಕ್ಕೆ 200 ಕಿ.ಮೀ. ಹೋದರೆ ಅರ್ಲ್‌ಡಂಡಾ ಎಂಬ ಜಾಗ. ಅಲ್ಲಿ ಬಲಕ್ಕೆ ತಿರುಗಿ ಲ್ಯಾಸೆಟರ್ ಹೆದ್ದಾರಿಯಲ್ಲಿ ಪಡುವಣಕ್ಕೆ ಸುಮಾರು 245 ಕಿ.ಮೀ. ನಮ್ಮ ಹಾಗೆಯೇ ಎಡಬದಿಯ ಚಾಲನೆ, ಪೂರ್ತಿ ಡಾಮರು, ತಿರುವೇ ಇಲ್ಲ. ಕಾಸರಗೋಡಿನ ಗುಡ್ಡದ ರಸ್ತೆಗಳಲ್ಲಿ ಕಾರು ಬಿಟ್ಟವರಿಗೆ ಆ ನೇರ ದಾರಿಯೇ ಕಷ್ಟ, ಕಣ್ಣು ಎಳೆಯತೊಡಗುತ್ತದೆ. ಒಂದೂವರೆ ಗಂಟೆಗೊಮ್ಮೆ ನಿಲ್ಲಿಸಿ ಚಾಲಕನನ್ನು ಬದಲಿಸಿಕೊಳ್ಳುವುದು ಒಳ್ಳೆಯದು.

ಬಾಡಿಗೆ ಕರಾರಿನಲ್ಲಿ ಮೂರು ಸಂಗತಿ ನೋಡಿಯೇ ಸಹಿ ಹಾಕಬೇಕು: ದಿನಕ್ಕೆ ಎಷ್ಟು ಕಿಲೋಮೀಟರ್ ಉಚಿತ, ಗಾಜು ಒಡೆದರೆ ಯಾರ ತಲೆಗೆ, ಕತ್ತಲಾದ ಮೇಲೆ ಹಳ್ಳಿರಸ್ತೆಯಲ್ಲಿ ಓಡಿಸಿದರೆ ವಿಮೆ ಇದೆಯೋ ಇಲ್ಲವೋ. ದಿನಕ್ಕೆ 100 ಕಿ.ಮೀ. ಎಂದು ಬರೆದ ಕರಾರು ಈ ದಾರಿಯಲ್ಲಿ ಮೊದಲ ಗಂಟೆಯಲ್ಲೇ ಮುಗಿದುಹೋಗುತ್ತದೆ. ಗಾಜಿನ ಮಾತಂತೂ ದಾರಿಯಲ್ಲೇ ನಿಜವಾಯಿತು. ಎದುರಿನಿಂದ ಬಂದ ರೋಡ್ ಟ್ರೇನಿನ ಚಕ್ರ ರಸ್ತೆಯಂಚಿನ ಜಲ್ಲಿಗೆ ಇಳಿದದ್ದೇ ಒಂದು ಕಲ್ಲು ಸಿಡಿದು ಎದುರಿನ ಗಾಜಿಗೆ ಬಡಿಯಿತು. ಸಣ್ಣ ಚುಕ್ಕೆಯಷ್ಟೇ, ಆದರೆ ರಾತ್ರಿಯ ಚಳಿಗೆ ಅಂಥ ಚುಕ್ಕೆ ಗೆರೆಯಾಗಿ ಹರಿಯುವುದುಂಟು. ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿದರೆ ಧೂಳು, ನೀರು ಒಳಹೋಗದೆ ಊರು ಮುಟ್ಟುವ ತನಕ ತಡೆಯುತ್ತದೆ. ಈ ರೋಡ್ ಟ್ರೇನ್ ಎಂದರೆ ಒಂದೇ ಎಂಜಿನ್ನಿಗೆ ಮೂರು ನಾಲ್ಕು ಟ್ರೇಲರ್ ಕಟ್ಟಿದ ಲಾರಿ, 53.5 ಮೀಟರ್ ಉದ್ದದ ತನಕ ಇರಬಹುದು. ಮುಂದೆ ಒಂದು ಕಿಲೋಮೀಟರಾದರೂ ಖಾಲಿ ರಸ್ತೆ ಕಾಣದೆ ಅದನ್ನು ಹಿಂದೆ ಹಾಕುವ ಪ್ರಯತ್ನ ಬೇಡ. ಹಾದುಹೋಗುವಾಗ ಗಾಳಿ ಕಾರನ್ನು ಮೊದಲು ಆಚೆ ತಳ್ಳಿ ಆಮೇಲೆ ಈಚೆ ಎಳೆಯುತ್ತದೆ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು.

ಅರ್ಲ್‌ಡಂಡಾದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಬಂಕುಗಳು ದೂರ ದೂರ. ಮಾಂಸ ತಿನ್ನದವರಿಗೆ ಸಿಗುವುದು ಕರಿದ ಆಲೂಗಡ್ಡೆ, ಚೀಸ್ ಹಾಕಿ ಕಾಯಿಸಿದ ಬ್ರೆಡ್ಡು, ಚಹಾ. ಬೆಳಿಗ್ಗೆ ಹೊರಡುವಾಗಲೇ ಮೊಸರನ್ನ ಕಲಸಿ ಡಬ್ಬಕ್ಕೆ ತುಂಬಿಸಿಕೊಂಡದ್ದು ಅಲ್ಲಿ ಬೆಲೆ ಬಾಳಿತು. ಪಕ್ಕದ ಬೆಂಚಿನಲ್ಲಿ ಕಾಫಿ ಕುಡಿಯುತ್ತಿದ್ದ ಲಾರಿ ಚಾಲಕ ನಮ್ಮ ಗಾಜಿನ ಚುಕ್ಕೆ ನೋಡಿ, “ಇದು ಏನೂ ಅಲ್ಲ. ನಾಲ್ಕೂವರೆಯ ಒಳಗೆ ಯೂಲಾರಾ ಸೇರಿಕೊಳ್ಳಿ. ಬೆಳಕು ಕಮ್ಮಿಯಾದ ಮೇಲೆ ಕಾಂಗರೂ ರಸ್ತೆಗೆ ಬರುತ್ತದೆ, ಒಂಟೆಯೂ ಬರುತ್ತದೆ. ಕಾಂಗರೂ ತಾಗಿದರೆ ಬಂಪರ್ ಹೋದೀತು, ಒಂಟೆ ತಾಗಿದರೆ ಕಾರಿನ ಮಾಡೇ ಹೋಗುತ್ತದೆ” ಎಂದು ಕೈಯಲ್ಲಿ ಅಳತೆ ತೋರಿಸಿದ. ಒಂಟೆಯ ಕಾಲು ಉದ್ದ. ಕಾರು ಕಾಲಿಗೆ ಬಡಿದರೆ ಮೈಯ ಭಾರವೆಲ್ಲ ನೇರ ಗಾಜಿನ ಮೇಲೆ ಬೀಳುತ್ತದೆ.

ದಾರಿಯ ಎಡಬದಿಯಲ್ಲಿ ದೂರಕ್ಕೆ ಮೊದಲು ಕಾಣುವ ದೊಡ್ಡ ಗುಡ್ಡ ಉಲುರು ಅಲ್ಲ, ಮೌಂಟ್ ಕಾನರ್. ಮೇಲ್ಭಾಗ ಚಪ್ಪಟೆ, ಬಯಲಿನಿಂದ ಸುಮಾರು 300 ಮೀಟರ್ ಎತ್ತರ. ನೋಡಲು ನಿಲ್ಲುವ ಜಾಗದಲ್ಲಿ ರಸ್ತೆ ದಾಟಿ ಎದುರಿನ ಮರಳದಿಬ್ಬ ಹತ್ತಿದರೆ ಆಚೆ ಬದಿಯಲ್ಲಿ ಬೆಳ್ಳಗಿನ ಉಪ್ಪಿನ ಕೆರೆ ಹಾಸಿಕೊಂಡಿದೆ. ಹೆಚ್ಚಿನವರು ದಿಬ್ಬ ಹತ್ತದೆ ಹೋಗಿಬಿಡುತ್ತಾರೆ.

ಯೂಲಾರಾ ಎಂದರೆ ಪ್ರವಾಸಿಗಳಿಗಾಗಿಯೇ ಕಟ್ಟಿದ ಸಣ್ಣ ಪೇಟೆ, ಬಂಡೆಯಿಂದ ಸುಮಾರು 20 ಕಿ.ಮೀ. ಬೇರೆ ಊರೇ ಹತ್ತಿರ ಇಲ್ಲದ್ದರಿಂದ ಎಲ್ಲವೂ ದುಬಾರಿ. ಕ್ಯಾಂಪಿನ ಸಾರ್ವಜನಿಕ ಅಡುಗೆಮನೆಯೇ ನಮ್ಮಂಥವರಿಗೆ ದೊಡ್ಡ ಉಪಕಾರ. ಪೇಟೆಯ ಸೂಪರ್ ಮಾರ್ಕೆಟಿನಲ್ಲಿ ಅಕ್ಕಿ, ಮೊಸರು, ನೀರುಳ್ಳಿ, ಟೊಮೆಟೊ, ಡಬ್ಬದ ಕಡಲೆ ಸಿಗುತ್ತದೆ. ಕೌಂಟರಿನ ಹುಡುಗ ನಮ್ಮ ಮಾತು ಕೇಳಿ ತಲೆಯೆತ್ತಿದ. ನೋಡಿದರೆ ನಮ್ಮ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದವ! ಆಮೇಲೆ ಮಾತೆಲ್ಲ ಮಲಯಾಳದಲ್ಲೇ. “ಏಟ್ಟಾ, ಸೂರ್ಯ ಮುಳುಗಿದ ಕೂಡಲೇ ಎಲ್ಲರ ಹಾಗೆ ಕಾರು ಸ್ಟಾರ್ಟ್ ಮಾಡಬೇಡಿ. ಇನ್ನೂ ಅರ್ಧ ಗಂಟೆ ನಿಲ್ಲಿ” ಎಂದ.

ಆ ಸಂಜೆ ಅದು ಉಪಯೋಗಕ್ಕೆ ಬರಲಿಲ್ಲ. ಪಡುವಣದ ದಿಗಂತಕ್ಕೆ ತಾಗಿ ಒಂದು ದಪ್ಪ ಮೋಡದ ಪಟ್ಟಿ ಇತ್ತು, ಬಂಡೆ ಕಂದು ಬಣ್ಣದಿಂದ ನೇರ ಬೂದಿ ಬಣ್ಣಕ್ಕೆ ಇಳಿಯಿತು. ತಲೆಯ ಮೇಲೆ ಅಥವಾ ಬಂಡೆಯ ಹಿಂದೆ ಮೂಡಣದಲ್ಲಿ ಮೋಡ ಇದ್ದರೆ ತೊಂದರೆಯಿಲ್ಲ. ಬಿಸಿಲು ಬರುವ ಪಡುವಣದಲ್ಲಿ, ಅದೂ ಕೆಳಗೆ, ಅಡ್ಡ ಬಂದರೆ ಮುಗಿಯಿತು. ಹಾಗಾಗಿ ಒಂದೇ ಸಂಜೆಯ ಲೆಕ್ಕ ಹಾಕಿ ಇಷ್ಟು ದೂರ ಹೋಗಬಾರದು. ಪಾರ್ಕಿನ ಪಾಸ್ ದೊಡ್ಡವರಿಗೆ 38 ಡಾಲರ್, ಮೂರು ದಿನಕ್ಕೆ ನಡೆಯುತ್ತದೆ, ಮಕ್ಕಳಿಗೆ ಉಚಿತ. ಮೂರು ದಿನವನ್ನೂ ಉಪಯೋಗಿಸಿಕೊಳ್ಳಬೇಕು.

ಎರಡನೇ ದಿನ: ಬಂಡೆಯ ಸುತ್ತ, ಆಮೇಲೆ ಸಂಜೆ

ಸಂಜೆಯ ಕೆಂಪು ಅರ್ಥವಾಗಬೇಕಿದ್ದರೆ ಹಗಲಿನಲ್ಲಿ ಬಂಡೆಯನ್ನು ಮುಟ್ಟುವಷ್ಟು ಹತ್ತಿರದಿಂದ ನೋಡಬೇಕು. ಬುಡದ ಸುತ್ತಿನ ದಾರಿ 10.6 ಕಿ.ಮೀ., ಸಮತಟ್ಟು, ಮೂರೂವರೆ ಗಂಟೆ ಹಿಡಿಯುತ್ತದೆ. ಮಾಲಾ ಕಾರ್ ಪಾರ್ಕಿನಿಂದ ಬಲಸುತ್ತಾಗಿ ಹೊರಡುವುದು ಕ್ರಮ. ಜುಲೈಯಲ್ಲಿ ಸೂರ್ಯ ಮೂಡುವುದೇ ಏಳೂವರೆಗೆ. ಎಂಟಕ್ಕೆ ಹೊರಟರೆ ನೆರಳೂ ಬಿಸಿಲೂ ಎರಡೂ ಸಿಗುತ್ತದೆ. ಗಂಟೆಗೆ ಒಬ್ಬರಿಗೆ ಒಂದು ಲೀಟರ್ ನೀರು ಎಂಬುದು ಅಲ್ಲಿನ ಲೆಕ್ಕ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಆದರೆ ಒಣಗಾಳಿ ಮೈಯ ನೀರನ್ನು ಎಳೆಯುತ್ತಲೇ ಇರುತ್ತದೆ. ತುಟಿ ಒಡೆಯತೊಡಗಿದರೆ ನೀರು ಕಡಿಮೆಯಾಯಿತೆಂದೇ ಅರ್ಥ.

ಬಯಲಿನಿಂದ 348 ಮೀಟರ್ ಎತ್ತರ, ಸುತ್ತಳತೆ 9.4 ಕಿ.ಮೀ. ಚಿತ್ರಗಳಲ್ಲಿ ನುಣ್ಣಗೆ ಕಾಣುವ ಕಲ್ಲು ಹತ್ತಿರ ಹೋದರೆ ಚಕ್ಕೆ ಚಕ್ಕೆ. ಅಂಗೈಯಗಲದ ತೆಳು ಹಾಳೆಗಳು ಅಂಚು ಬಿಟ್ಟು ನಿಂತಿವೆ, ಕೆಲವು ಉದುರಿ ಬುಡದಲ್ಲಿ ಬಿದ್ದಿವೆ. ಹಾಳೆಯ ಹೊರಮೈ ಕೆಂಪು, ಅದು ಎದ್ದುಹೋದ ಜಾಗದ ಕಲ್ಲು ಬೂದಿ. ಗುಹೆಗಳ ಒಳಮಾಡಿನಲ್ಲಿ ಈ ಬೂದಿ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ. ಊರಿನಲ್ಲಿ ಮುರಕಲ್ಲಿನ (ಜಂಬಿಟ್ಟಿಗೆ) ಕೋರೆ ನಡೆಸಿ ಗೊತ್ತಿರುವ ಭಾವ ಒಂದು ಗುಹೆಯ ಬಾಯಲ್ಲಿ ಬಗ್ಗಿ ನೋಡಿ, “ಇದು ನಮ್ಮ ಜಾತಿಯ ಕಲ್ಲಲ್ಲ ಮಾರಾಯ. ತೊಗಟೆ ಮಾತ್ರ ಕೆಂಪು, ತಿರುಳು ಬೇರೆಯೇ” ಎಂದರು.

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಉಲುರು ಆರ್ಕೋಸ್ ಎಂಬ ಜಾತಿಯ ಒರಟು ಮರಳುಗಲ್ಲು. ಅದರಲ್ಲಿ ಬೆಣಚಿನ ಹರಳಿನ ಜತೆ ಫೆಲ್ಡ್‌ಸ್ಪಾರ್ ಹರಳು ಧಾರಾಳ ಇದೆ, ಸ್ವಲ್ಪ ಕಬ್ಬಿಣವೂ ಇದೆ. ಗಾಳಿ, ತೇವ ತಾಗಿದ ಹೊರಮೈಯಲ್ಲಿ ಆ ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿದೆ. ನಮ್ಮ ಮುರಕಲ್ಲಿನ ಕೆಂಪೂ ಕಬ್ಬಿಣದ ತುಕ್ಕೇ. ಆದರೆ ಕಾಸರಗೋಡಿನಲ್ಲಿ ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ, ಅಲ್ಲಿ 300 ಚಿಲ್ಲರೆ. ನಮ್ಮಲ್ಲಿ ನೀರು ಕಲ್ಲಿನ ಆಳಕ್ಕೆ ಇಳಿದು ಕರಗುವುದನ್ನೆಲ್ಲ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಯುತ್ತದೆ. ಫೆಲ್ಡ್‌ಸ್ಪಾರ್ ಕೊಳೆತು ಜೇಡಿಯಾಗುತ್ತದೆ. ಬಾವಿ ತೋಡುವಾಗ ಮುರಕಲ್ಲಿನ ಕೆಳಗೆ ಸಿಗುವ ಬಿಳಿ ಶೇಡಿ ಮಣ್ಣು ಹಾಗೆ ಆದದ್ದು. ಉಲುರುವಿನಲ್ಲಿ ಅದೇ ಫೆಲ್ಡ್‌ಸ್ಪಾರ್ 55 ಕೋಟಿ ವರ್ಷಗಳ ಬಳಿಕವೂ ಹರಳಾಗಿಯೇ ಉಳಿದಿದೆ. ಪಡುವಣದ ಪೀಟರ್‌ಮನ್ ಬೆಟ್ಟಗಳು ಸವೆದು ಬಂದ ಮರಳು ಬೇಗ ಬೇಗ ರಾಶಿಬಿದ್ದು ಹೂತುಹೋಯಿತು, ಕೊಳೆಯಲು ಸಮಯವೇ ಸಿಗಲಿಲ್ಲ. ಆಮೇಲೆ, 40ರಿಂದ 30 ಕೋಟಿ ವರ್ಷಗಳ ಹಿಂದೆ, ಭೂಮಿ ಮಡಚಿಕೊಂಡಾಗ ಮಲಗಿದ್ದ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಬಂಡೆಯ ಮೈಮೇಲೆ ಮೇಲಿನಿಂದ ಕೆಳಗೆ ಸಾಲಾಗಿ ಇಳಿದ ಏಣುಗಳು ಆ ಪದರಗಳ ಅಂಚು. ನೆಲದ ಮೇಲೆ ಕಾಣುವುದು ತುದಿಯಷ್ಟೇ, ಪದರಗಳು ಕೆಳಗೆ ಕಿಲೋಮೀಟರುಗಟ್ಟಲೆ ಇಳಿದಿವೆ.

ಮಾಲಾ ಕಾರ್ ಪಾರ್ಕಿನ ಹತ್ತಿರವೇ ಬಂಡೆಯ ಏಣಿನ ಮೇಲೆ ಮಸುಕಾದ ಒಂದು ಬಿಳಿಚು ಗೆರೆ ಮೇಲಕ್ಕೆ ಹೋಗುತ್ತದೆ. ದಶಕಗಳ ಕಾಲ ಜನ ಹತ್ತಿದ ದಾರಿ ಅದು. ಕಾಲ್ತುಳಿತಕ್ಕೆ ತುಕ್ಕಿನ ತೊಗಟೆ ಸವೆದುಹೋಗಿದೆ. ಈ ನೆಲದ ಒಡೆಯರಾದ ಆನಂಗು ಜನರು ಹತ್ತಬೇಡಿ ಎಂದು ಕೇಳಿಕೊಳ್ಳುತ್ತಲೇ ಇದ್ದರು. ಹತ್ತುವಾಗ 30ಕ್ಕೂ ಹೆಚ್ಚು ಮಂದಿ ಸತ್ತದ್ದೂ ಉಂಟು. 1985ರ ಅಕ್ಟೋಬರ್ 26ರಂದು ಜಾಗ ಅವರಿಗೆ ಮರಳಿತು, 2019ರ ಅದೇ ತಾರೀಕಿಗೆ ಹತ್ತುವುದು ಶಾಶ್ವತವಾಗಿ ನಿಂತಿತು. ಹತ್ತುವವರು ಹಿಡಿದುಕೊಳ್ಳುತ್ತಿದ್ದ ಸರಪಳಿಯನ್ನೂ ಕಿತ್ತಿದ್ದಾರೆ. ಮನುಷ್ಯರು ಐವತ್ತು ಅರುವತ್ತು ವರ್ಷದಲ್ಲಿ ಸವೆಸಿದ್ದು ಮತ್ತೆ ಕೆಂಪಾಗಲು ಎಷ್ಟು ಕಾಲ ಬೇಕೋ! ನಿಲ್ಲಿಸಿದ್ದು ನೂರಕ್ಕೆ ನೂರು ಸರಿ.

ದಾರಿಯಲ್ಲಿ ಕೆಲವು ಕಡೆ ಫೋಟೊ ತೆಗೆಯಬಾರದೆಂಬ ಫಲಕ ಇದೆ, ಮುಖ್ಯವಾಗಿ ಈಶಾನ್ಯ ಬದಿಯ ಉದ್ದಕ್ಕೆ. ಅಲ್ಲಿನ ಆಕಾರಗಳೇ ಅವರಿಗೆ ಶಾಸ್ತ್ರ, ನಿಯತ ಜಾಗದಲ್ಲಿ ನಿಯತ ಜನರು ಮಾತ್ರ ನೋಡಬೇಕಾದದ್ದು. ಆ ಭಾಗದಲ್ಲಿ ಮೊಬೈಲನ್ನು ಚೀಲಕ್ಕೆ ಹಾಕಿ ನಡೆಯುವುದೇ ಒಳ್ಳೆಯದು. ಡ್ರೋನ್ ಇಡೀ ಪಾರ್ಕಿನಲ್ಲಿ ನಿಷಿದ್ಧ. ಬಿದ್ದ ಚಕ್ಕೆಯೊಂದನ್ನು ನೆನಪಿಗೆಂದು ಜೇಬಿಗೆ ಹಾಕುವುದೂ ಅಪರಾಧ. ಹಾಗೆ ಒಯ್ದವರು ಮನಸ್ಸು ತಡೆಯದೆ ಕ್ಷಮೆ ಕೇಳಿ ಅಂಚೆಯಲ್ಲಿ ವಾಪಸು ಕಳಿಸುತ್ತಾರಂತೆ, ಪಾರ್ಕಿಗೆ ಅಂಥ ಕಲ್ಲುಗಳು ಬರುತ್ತಲೇ ಇರುತ್ತವೆ.

ಪೂರ್ತಿ ಸುತ್ತು ಆಗದ ಹಿರಿಯರಿಗೆ ಎರಡು ತುಂಡು ದಾರಿ ಸಾಕು. ಒಂದು, ಮಾಲಾದಿಂದ ಕಾಂಜು ಕಣಿವೆ, ಹೋಗಿ ಬರಲು 2 ಕಿ.ಮೀ. ಇನ್ನೊಂದು ಕುನಿಯಾ ದಾರಿ, ಹೋಗಿ ಬರಲು 1 ಕಿ.ಮೀ., ಕೊನೆಗೆ ಮುಟಿಜುಲು ನೀರಗುಂಡಿ. ಸುತ್ತಲಿನ ಒಣ ಬಯಲಿನಲ್ಲಿ ಬಹುಕಾಲ ನೀರು ನಿಲ್ಲುವ ಜಾಗ ಅದು. ಮೇಲಿನಿಂದ ನೀರು ಇಳಿಯುವ ಜಾಗಗಳಲ್ಲಿ ಬಂಡೆಯ ಮೇಲೆ ಕರಿ ಪಟ್ಟೆ ಎದ್ದಿದೆ, ಅದು ಪಾಚಿ. ನಮ್ಮಲ್ಲಿ ಮಳೆಗಾಲದ ಪಾಗಾರದ ಮೇಲೆ ಏಳುವಂಥದ್ದೇ. ಕಲ್ಚರಲ್ ಸೆಂಟರಿಗೆ ಒಂದು ಗಂಟೆಯಾದರೂ ಬೇಕು. ಅಲ್ಲಿಯೂ ಫೋಟೊ ಇಲ್ಲ. ರೇಂಜರ್ ಜತೆಗಿನ ಉಚಿತ ನಡಿಗೆಯ ಸಮಯವನ್ನು ಅಲ್ಲೇ ವಿಚಾರಿಸಿಕೊಳ್ಳಬೇಕು, ಋತುವಿಗೆ ತಕ್ಕ ಹಾಗೆ ಬದಲಾಗುತ್ತದೆ. ಶೌಚಾಲಯದ ಕೆಲಸವನ್ನೂ ಅಲ್ಲೇ ಮುಗಿಸಿ ಸಂಜೆಯ ಜಾಗಕ್ಕೆ ಹೋಗಬೇಕು.

ಸಂಜೆಗೆ ಕಾರಿನವರ ಜಾಗ ಬಂಡೆಯ ಪಡುವಣದಲ್ಲಿದೆ. ಸೂರ್ಯ ಬೆನ್ನ ಹಿಂದೆ, ಬಂಡೆ ಎದುರಿಗೆ. ಜುಲೈ ನಡುವಿನಲ್ಲಿ ಮುಳುಗುವುದು ಸುಮಾರು 6.13ಕ್ಕೆ. ಐದಕ್ಕೇ ಹೋಗಿ ನಿಲ್ಲಿಸಿದರೆ ಬೇಲಿಯ ಬದಿಯಲ್ಲಿ ಜಾಗ ಸಿಗುತ್ತದೆ. ಕುರ್ಚಿ, ಕಂಬಳಿ, ಫ್ಲಾಸ್ಕಿನಲ್ಲಿ ಚಹಾ ಇರಲಿ, ಸೂರ್ಯ ಇಳಿದ ಹಾಗೆ ಚಳಿ ಒಮ್ಮೆಗೇ ಏರುತ್ತದೆ. ಎರಡನೇ ಸಂಜೆ ಪಡುವಣ ಪೂರ್ತಿ ಶುಭ್ರವಾಗಿತ್ತು, ತುಂಬ ಮೇಲೆ ಎಳೆ ಎಳೆ ಮೋಡ ಮಾತ್ರ.

ಐದೂವರೆಯ ತನಕ ಬಂಡೆ ಸಾಧಾರಣ ಕಂದು. ಏಣುಗಳ ನೆರಳು ಮಾತ್ರ ನಿಧಾನ ತುಂಬಿ, ಮೈಯ ಗೀರುಗಳೆಲ್ಲ ಒಂದೊಂದಾಗಿ ಎದ್ದು ಕಾಣತೊಡಗುತ್ತವೆ. ಆರಕ್ಕೆ ಹತ್ತು ನಿಮಿಷ ಇರುವಾಗ ಕಿತ್ತಳೆ. ಸೂರ್ಯ ಕೆಳಗಿಳಿದಷ್ಟೂ ಬೆಳಕು ಗಾಳಿಯಲ್ಲಿ ಹೆಚ್ಚು ದೂರ ಬರಬೇಕು. ನೀಲಿ, ಹಸಿರು ದಾರಿಯಲ್ಲೇ ಚದರಿ ಹೋಗಿ ಕೆಂಪು ಉಳಿಯುತ್ತದೆ. ಉಳಿದ ಸ್ವಲ್ಪ ನೀಲಿಯನ್ನೂ ಹಸಿರನ್ನೂ ತುಕ್ಕು ಹೀರಿಕೊಳ್ಳುತ್ತದೆ. ಕೆಂಪು ಬೆಳಕು ಕೆಂಪು ಕಲ್ಲಿಗೆ ಬಿದ್ದು ತಿರುಗಿ ಬರುತ್ತದೆ. ಕೊನೆಯ ಐದು ನಿಮಿಷ ಬಂಡೆಯ ಒಳಗಿನಿಂದಲೇ ಬೆಳಕು ಬರುವಂತೆ ಕಾಣುವುದು ಅದಕ್ಕೆ. ತೊಗಟೆ ಇಲ್ಲದೆ ಬೂದಿ ಕಲ್ಲೇ ಎದುರಿಗಿದ್ದಿದ್ದರೆ ಇದೇ ಬಿಸಿಲಿಗೆ ಇಷ್ಟು ಉರಿ ಬರುತ್ತಿರಲಿಲ್ಲ.

ಆಮೇಲೆ ನೋಡಬೇಕಾದದ್ದು ಬುಡವನ್ನು. ನಾವು ನಿಂತ ಬಯಲಿಗೆ ಸೂರ್ಯ ಮುಳುಗಿದರೂ ನೆತ್ತಿಗೆ ಇನ್ನೂ ಮುಳುಗಿರುವುದಿಲ್ಲ. ನೆರಳಿನ ಗೆರೆ ಬುಡದಲ್ಲಿ ಹುಟ್ಟಿ ಮೇಲಕ್ಕೆ ಏರುತ್ತದೆ, ನೆತ್ತಿ ಮುಟ್ಟಲು ಎರಡು ಮೂರು ನಿಮಿಷ. ಕೊನೆಗೆ ತುದಿಯಲ್ಲಿ ಕೆಂಪಿನ ಒಂದು ದಾರ, ಅದೂ ಹೋಯಿತು. ಆಗಲೇ ಸುತ್ತಲಿನ ಕಾರುಗಳು ಒಂದೊಂದಾಗಿ ಹೊರಟವು. ಹೊಸದುರ್ಗದ ಹುಡುಗ ಹೇಳಿದ ಹಾಗೆ ನಾವು ನಿಂತೆವು. ಸಪ್ಪೆ ಬೂದಿಯಾಗಿದ್ದ ಬಂಡೆಗೆ ಹತ್ತು ನಿಮಿಷದಲ್ಲಿ ಮತ್ತೆ ಬಣ್ಣ ಏರಿತು, ಈ ಸಲ ನೇರಳೆ ಬೆರೆತ ಮೃದು ಕೆಂಪು. ಮುಳುಗಿದ ಸೂರ್ಯ ಮೇಲಿನ ತೆಳು ಮೋಡವನ್ನು ಬೆಳಗಿಸಿ, ಆ ಬೆಳಕು ಕೆಳಗೆ ಸುರಿದದ್ದು. ಅದೇ ಹೊತ್ತಿಗೆ ಬಂಡೆಯ ಹಿಂದೆ ಮೂಡಣದ ಆಕಾಶದಲ್ಲಿ ಕಡುನೀಲಿ ಪಟ್ಟಿಯೊಂದು ಏಳುತ್ತದೆ, ಅದರ ಮೇಲಂಚಿಗೆ ಗುಲಾಬಿ ಬಣ್ಣ. ಆ ನೀಲಿ ಭೂಮಿಯದೇ ನೆರಳು. ಅಡ್ಡ ಮರ, ಗುಡ್ಡ ಇಲ್ಲದ ಬಯಲಾದ್ದರಿಂದ ಇಷ್ಟು ಸ್ಪಷ್ಟ ಕಾಣುವುದು. ಪಾರ್ಕಿನ ಗೇಟು ಜುಲೈಯಲ್ಲಿ ಏಳೂವರೆಗೆ ಮುಚ್ಚುತ್ತದೆ, ಆರೂ ಮುಕ್ಕಾಲಿಗೆ ಹೊರಟರೂ ಧಾರಾಳ ಸಮಯ ಇದೆ.

ಫೋಟೊ ತೆಗೆಯುವವರು ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು ‘ಆಟೊ’ದಿಂದ ತೆಗೆದು ‘ಹಗಲು ಬಿಸಿಲು’ ಎಂಬುದಕ್ಕೆ ಇಡಬೇಕು. ಆಟೊದಲ್ಲಿ ಬಿಟ್ಟರೆ ಕೆಂಪು ಜಾಸ್ತಿಯಾಯಿತೆಂದು ಅದೇ ತಿದ್ದಿ ಕಂದು ಮಾಡಿ ಕೊಡುತ್ತದೆ. ಮೊಬೈಲಿನಲ್ಲಾದರೆ ಬಂಡೆಯ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಸ್ವಲ್ಪ ಕೆಳಗೆ ಎಳೆಯಬೇಕು.

ಮೂರನೇ ದಿನ: ಕಟ ಜೂಟ

ಯೂಲಾರಾದಿಂದ ಸುಮಾರು 50 ಕಿ.ಮೀ. ಬಹಳ ಜನ ಉಲುರು ನೋಡಿ ಇದನ್ನು ಬಿಡುತ್ತಾರೆ, ಬಿಡಬಾರದು. ಒಟ್ಟು 36 ಕಲ್ಲಿನ ಗುಮ್ಮಟಗಳು, ಅತಿ ಎತ್ತರದ್ದು ಬಯಲಿನಿಂದ 546 ಮೀಟರ್, ಉಲುರುವಿಗಿಂತ 198 ಮೀಟರ್ ಹೆಚ್ಚು. ಕಲ್ಲೂ ಬೇರೆ. ಮುಷ್ಟಿಯಿಂದ ಮಂಡೆಯಷ್ಟು ಗಾತ್ರದ ಉರುಟು ಕಲ್ಲುಗಳು ಮರಳಿನಲ್ಲಿ ಹುದುಗಿ ಗಟ್ಟಿಯಾದದ್ದು. ಅದೇ ಪೀಟರ್‌ಮನ್ ಬೆಟ್ಟಗಳಿಂದ ಇಳಿದ ಹೊಳೆಗಳು ಭಾರದ ಕಲ್ಲನ್ನು ಒಂದು ಕಡೆ ಬಿಟ್ಟು, ಮರಳನ್ನು ಇನ್ನೊಂದು ಕಡೆ ಸುರಿದವು. ಇಲ್ಲಿನ ಪದರಗಳು ಸ್ವಲ್ಪವೇ ವಾಲಿವೆ, ನೆಟ್ಟಗೆ ನಿಂತಿಲ್ಲ.

ಬೆಳಗ್ಗೆ ಕತ್ತಲಲ್ಲೇ ಹೊರಟು ದಾರಿಯ ಮರಳದಿಬ್ಬದ ಅಟ್ಟಣಿಗೆಯಿಂದ ಸೂರ್ಯೋದಯ ನೋಡಿದರೆ ಒಂದು ಬದಿಗೆ ಉಲುರುವಿನ ಕರಿ ರೇಖೆ, ಇನ್ನೊಂದು ಬದಿಗೆ ಕಟ ಜೂಟದ ಮೇಲೆ ಮೊದಲ ಬಿಸಿಲು. ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಬಿಸಿನೀರು ಸುರಿದರೆ ಹಿಂದಿನ ಚುಕ್ಕೆ ಬಿರುಕಾಗುವ ಅಪಾಯ ಇದ್ದದ್ದರಿಂದ ಹಳೆ ಎಟಿಎಂ ಕಾರ್ಡಿನಿಂದ ಕೆರೆದು ತೆಗೆಯಬೇಕಾಯಿತು.

ವಾಲ್ಪಾ ಕಣಿವೆಗೆ ಹೋಗಿ ಬರಲು 2.6 ಕಿ.ಮೀ., ಯಾರೂ ನಡೆಯಬಹುದು. ಎರಡು ಗುಮ್ಮಟಗಳ ನಡುವೆ ಗಾಳಿ ಕೊರೆಯುತ್ತದೆ. ಇನ್ನೊಂದು ದಾರಿ ಗಾಳಿಕಣಿವೆ (‘ವ್ಯಾಲಿ ಆಫ್ ದ ವಿಂಡ್ಸ್’), ಪೂರ್ತಿ ಸುತ್ತು 7.4 ಕಿ.ಮೀ., ಅದಕ್ಕೆ ಗಟ್ಟಿ ಶೂ, ಮಂಡಿಯಲ್ಲಿ ಬಲ ಎರಡೂ ಬೇಕು. ಕಾಲಡಿಯ ಉರುಟು ಕಲ್ಲು ಇಳಿಜಾರಿನಲ್ಲಿ ಜಾರಿಸುತ್ತದೆ. ಆ ದಾರಿಯ ಮೊದಲ ನೋಟದ ಜಾಗದ ಹೆಸರು ‘ಕಾರು’ (Karu), ಹೋಗಿ ಬರಲು 2.2 ಕಿ.ಮೀ. ಎರಡನೆಯದು ಕರಿಂಗಾನಾ, 5.4 ಕಿ.ಮೀ. ಅಲ್ಲಿಗೆ ಹತ್ತಿದರೆ ಗುಮ್ಮಟಗಳ ನಡುವಿನ ಸಂದಿನಿಂದ ಆಚೆಯ ಬಯಲು ಒಮ್ಮೆಗೇ ತೆರೆದುಕೊಳ್ಳುತ್ತದೆ. ಅರ್ಧಕ್ಕೆ ತಿರುಗುವುದಿದ್ದರೂ ಕರಿಂಗಾನಾ ತನಕ ಹೋಗಿಯೇ ತಿರುಗಬೇಕು. ಬೇಸಗೆಯಲ್ಲಿ ಹೋಗುವವರು ಗಮನಿಸಬೇಕಾದದ್ದು: 36 ಡಿಗ್ರಿ ಮುಟ್ಟುವ ಮುನ್ಸೂಚನೆ ಇದ್ದರೆ ಬೆಳಿಗ್ಗೆ 11ಕ್ಕೆ ಈ ಮೊದಲ ನೋಟದ ಜಾಗದಿಂದ ಮುಂದಿನ ದಾರಿ ಮುಚ್ಚುತ್ತಾರೆ.

ಮೂರನೆಯ ಸಂಜೆಯನ್ನು ಎಲ್ಲಿ ಕಳೆಯುವುದೆಂದು ತಂಡದಲ್ಲಿ ಚರ್ಚೆ ನಡೆಯಿತು. ಉಲುರುವಿನ ಆಗ್ನೇಯ ಬದಿಯಲ್ಲಿ ತಲಿಂಗುರು ಎಂಬ ಜಾಗವಿದೆ, ಮುಖ್ಯವಾಗಿ ಸೂರ್ಯೋದಯಕ್ಕೆಂದು ಮಾಡಿದ್ದು. ಸಂಜೆ ಅಲ್ಲಿ ಸೂರ್ಯ ಬಂಡೆಯ ಹಿಂದೆ ಹೋಗುವುದರಿಂದ ಕಪ್ಪು ಆಕಾರ ಸಿಗುತ್ತದೆ, ಕೆಂಪು ಸಿಗುವುದಿಲ್ಲ. ಜನ ಕಡಿಮೆ. ಕಟ ಜೂಟದ ಪಡುವಣದಲ್ಲೂ ಸಂಜೆಯ ಜಾಗವೊಂದಿದೆ, ಅಲ್ಲಿ ಬೆಂಚು, ಶೌಚಾಲಯ ಎರಡೂ ಇವೆ. ಗುಮ್ಮಟಗಳು ಒಂದರ ನೆರಳು ಇನ್ನೊಂದಕ್ಕೆ ಬಿದ್ದು, ಕೆಂಪೂ ಕಪ್ಪೂ ಪಕ್ಕಪಕ್ಕದಲ್ಲಿ ಉಳಿಯುತ್ತವೆ. ನಮ್ಮವರು ಅದನ್ನೇ ಆರಿಸಿದರು. ಆದರೆ ಅಲ್ಲಿಂದ ಯೂಲಾರಾಕ್ಕೆ ಕತ್ತಲಲ್ಲಿ 50 ಕಿ.ಮೀ. ಬರಬೇಕು, ಕರಾರಿನಲ್ಲಿ ರಾತ್ರಿಯ ವಿಮೆ ಇಲ್ಲದವರು ಆ ಆಸೆ ಬಿಟ್ಟು ಬಸ್ಸಿನ ಪ್ರವಾಸ ಹಿಡಿಯುವುದು ಲೇಸು. ವಿಮೆ ಇದ್ದವರೂ ಗಂಟೆಗೆ 60ರ ಮೇಲೆ ಹೋಗದೆ, ರಸ್ತೆಯಂಚಿನಲ್ಲಿ ಹೊಳೆಯುವ ಕಣ್ಣು ಕಂಡರೆ ಹಾರ್ನ್ ಹಾಕದೆ ಬ್ರೇಕ್ ಒತ್ತಬೇಕು. ಪಕ್ಕಕ್ಕೆ ತಿರುಗಿಸಲು ಹೋಗಿ ಮರಳಿಗೆ ಇಳಿದ ಕಾರುಗಳೇ ಮಗುಚುವುದು.